ಸ್ಮರಣೀಯವೆನಿಸುವುದು ಯಾವುದು?

(ಧಾಮಸಂಪ್ರೋಕ್ಷಣಪೂರ್ವಕ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ)



ಪ್ರತಿಷ್ಠಾ ಮಹೋತ್ಸವದ ಆಮಂತ್ರಣ ಪತ್ರಿಕೆಗಳಲ್ಲಿ ‘ಸ್ಮರಣೀಯ’ ಎಂಬ ಪದವು ತಪ್ಪದೆ ಕಾಣಿಸಿಕೊಳ್ಳುತ್ತದೆ. ಅತಿಥಿಗಳ ಕೈಗೆ ಕೊಡುವ ವಸ್ತುವಿಗೆ ಸ್ಮರಣಿಕೆಯೆಂದು ಹೆಸರು. ಅಚ್ಚಾಗಿ ಬರುವ ಪುಸ್ತಕಕ್ಕೆ ಸ್ಮರಣ ಸಂಚಿಕೆಯೆಂದು ಹೆಸರು. ನೆನಪಿನಲ್ಲಿ ಉಳಿಯಬೇಕೆಂಬ ಬಯಕೆ ಇಷ್ಟೊಂದು ಪ್ರಬಲವಾಗಿರುವ ಸಮಾರಂಭದಲ್ಲಿ, ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ಸ್ವಲ್ಪ ವಿಚಾರಮಾಡುವುದು ಅಪ್ರಸ್ತುತವಾಗಲಾರದು. 10–15 ವರ್ಷಗಳ ಹಿಂದೆ ನಡೆದ ಯಾವುದಾದರೂ ಪಂಚಕಲ್ಯಾಣದ ಕುರಿತು ಹಿರಿಯರನ್ನು ಕೇಳಿ ನೋಡಬಹುದು. ಅಂದು ವೇದಿಕೆಯ ಮೇಲೆ ಯಾರು ಕುಳಿತಿದ್ದರು, ಯಾರು ಏನು ಮಾತನಾಡಿದರು ಎಂಬುದನ್ನು ಹೇಳಬಲ್ಲವರು ವಿರಳ. (ಈ ಮಾತು ಇಂದಿನ ಭಾಷಣಕ್ಕೂ ಸಲ್ಲುತ್ತದೆ.) ಒಬ್ಬರಿಗೆ ಜನ್ಮಾಭಿಷೇಕದ ಸಮಯದಲ್ಲಿ ಹಠಾತ್ತಾಗಿ ಬಂದ ಮಳೆಯ ನೆನಪು, ಇನ್ನೊಬ್ಬರಿಗೆ ಅಜ್ಜಿಯ ಕೈಹಿಡಿದುಕೊಂಡು ನೂಕುನುಗ್ಗಲಿನಲ್ಲಿ ನಿಂತ ನೆನಪು, ಮತ್ತೊಬ್ಬರಿಗೆ ಅನ್ನಛತ್ರದಲ್ಲಿ ಬಡಿಸಲು ನಿಂತು ಸಂಜೆಯವರೆಗೆ ಊಟಮಾಡಲಾಗದೆ ಹೋದ ನೆನಪು. ಸ್ಮರಣೀಯವಾಗಲೆಂದು ಏರ್ಪಡಿಸಿದುದು ಮರೆತುಹೋಗಿ, ಯಾರೂ ಏರ್ಪಡಿಸದೆ ಇದ್ದುದು ಉಳಿದಿರುತ್ತದೆ.

ಇದರ ಮರ್ಮವನ್ನು ಜೈನ ಶಾಸ್ತ್ರಕಾರರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಮತಿಜ್ಞಾನವನ್ನು ಅವರು ಅವಗ್ರಹ, ಈಹಾ, ಅವಾಯ, ಧಾರಣಾ ಎಂದು 4 ಹಂತಗಳಾಗಿ ವಿಂಗಡಿಸಿದರು. ದೂರದಲ್ಲಿ ಏನೋ ಬೆಳ್ಳಗೆ ಕಂಡಿತು ಎಂಬಷ್ಟು ಅರಿವು ಅವಗ್ರಹ. ಅದು ಬೆಳ್ಳಕ್ಕಿಯೋ ಬಾವುಟವೋ ಎಂದು ತಿಳಿಯಬಯಸುವುದು ಈಹಾ. ರೆಕ್ಕೆ ಬಡಿದುದನ್ನು ಕಂಡು ಬೆಳ್ಳಕ್ಕಿಯೇ ಸರಿ ಎಂದು ನಿಶ್ಚಯಿಸುವುದು ಅವಾಯ. ಹಾಗೆ ನಿಶ್ಚಯಿಸಿದುದನ್ನು ಕಾಲಾಂತರದಲ್ಲಿಯೂ ಮರೆಯದಂತೆ ಹಿಡಿದಿಟ್ಟುಕೊಳ್ಳುವುದು ಧಾರಣಾ. ಇಲ್ಲಿ ಗಮನಿಸತಕ್ಕ ವಿಷಯವೆಂದರೆ, ಧಾರಣೆಯು ಕಟ್ಟಕಡೆಯದು. ಅದಕ್ಕಿಂತ ಮೊದಲು ಈಹೆಯೆಂಬ ಮೆಟ್ಟಿಲನ್ನು ದಾಟಲೇಬೇಕು. ಕಣ್ಣಿಗೆ ಬಿದ್ದುದೆಲ್ಲ ನೆನಪಿನಲ್ಲಿ ನಿಲ್ಲುವುದಿಲ್ಲ. ಇದೇನು, ಹೀಗೇಕೆ ಎಂದು ಮನಸ್ಸು ಯಾವುದರ ಬೆನ್ನು ಹತ್ತುತ್ತದೆಯೋ ಅದಕ್ಕಷ್ಟೇ ಅಲ್ಲಿ ಸ್ಥಾನ. ಎಂದಮೇಲೆ ಸ್ಮರಣೀಯತೆಯೆಂಬುದು ವಸ್ತುವಿನ ಗಾತ್ರದಲ್ಲಿಯಾಗಲಿ ಬೆಲೆಯಲ್ಲಿಯಾಗಲಿ ಇಲ್ಲ.

ವ್ಯಾಪಾರಸ್ಥರಿಗೆ ಇದು ಬೇಗನೆ ಅರ್ಥವಾಗುವ ಸಂಗತಿ. ದಿನದ ಜಮಾಖರ್ಚನ್ನು ರೋಜುಕೀರ್ದಿಯಲ್ಲಿ ಬರೆದು ಅಲ್ಲಿಂದ ಖಾತೆಗೆ ಎತ್ತುವುದು ನೆನಪಿಡಲೆಂದಲ್ಲ, ನಿಶ್ಚಿಂತೆಯಾಗಿ ಮರೆಯಲೆಂದು. ಪುಸ್ತಕದಲ್ಲಿ ಇದೆಯೆಂಬ ಧೈರ್ಯದಿಂದಲೇ ಅಂಗಡಿಯವನಿಗೆ ರಾತ್ರಿ ನಿದ್ದೆ ಬರುತ್ತದೆ. ಹಳೆಯ ಖಾತೆಪುಸ್ತಕಗಳನ್ನು ಅಟ್ಟದ ಮೇಲೆ ಹಾಕಿದ ಮೇಲೆ ಅವುಗಳೊಳಗಿನ ನೂರಾರು ಹೆಸರುಗಳು ಯಾರಿಗೂ ಬೇಕಾಗುವುದಿಲ್ಲ. ಆದರೆ ಅಕ್ಕಿ ಸಿಗದ ವರ್ಷದಲ್ಲಿ ಕಡ ಕೊಟ್ಟು, ಕೊಟ್ಟುದನ್ನು ಆಡಿ ತೋರಿಸದ ಅಂಗಡಿಯವನ ಹೆಸರನ್ನು ಮೂರು ತಲೆಮಾರಿನವರೆಗೂ ಮನೆಗಳಲ್ಲಿ ಹೇಳುವುದುಂಟು. ಆ ನೆನಪಿಗೆ ಖಾತೆಪುಸ್ತಕದ ಆಧಾರ ಬೇಕಾಗಿಲ್ಲ.

ಈ ವಿಚಾರಕ್ಕೆ ನಿದರ್ಶನ ಹುಡುಕಲು ದೂರ ಹೋಗಬೇಕಾಗಿಲ್ಲ. ಬ್ರಹ್ಮಾವರದಿಂದ ಕುಂದಾಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಕೋಟಕ್ಕೆ ತಾಗಿಕೊಂಡಿರುವ ಸಾಲಿಗ್ರಾಮವೇ ಸಾಕು. ಗುರುನರಸಿಂಹ ದೇವಾಲಯದಿಂದಲೂ ಯಕ್ಷಗಾನ ಮೇಳದಿಂದಲೂ ಖ್ಯಾತವಾದ ಈ ಊರಿನಲ್ಲಿ ತಮ್ಮ ಬಾಳಿನ ಕೊನೆಯ ದಶಕಗಳನ್ನು ಕಳೆದವರು ಡಾ. ಶಿವರಾಮ ಕಾರಂತರು. 1902ರಲ್ಲಿ ಕೋಟದಲ್ಲಿ ಜನಿಸಿ, ಬಹುಕಾಲ ಪುತ್ತೂರಿನಲ್ಲಿದ್ದು, ಮರಳಿ ಹುಟ್ಟೂರಿನ ಮಗ್ಗುಲಿಗೆ ಬಂದು ನೆಲೆಸಿ, 1997ರಲ್ಲಿ ದಿವಂಗತರಾದರು. ಅವರಿಗೆ ಜ್ಞಾನಪೀಠ ಪ್ರಶಸ್ತಿ ಬಂದುದು 1977ರಲ್ಲಿ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದುದೂ ಪ್ರಸಿದ್ಧವೇ. 40ಕ್ಕೂ ಹೆಚ್ಚು ಕಾದಂಬರಿಗಳು, ಮಕ್ಕಳಿಗಾಗಿ ‘ಬಾಲಪ್ರಪಂಚ’, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’, ಯಕ್ಷಗಾನದ ಸಂಶೋಧನೆ, ಹೀಗೆ ಅವರು ಮಾಡಿದ ಕೆಲಸದ ಪಟ್ಟಿಯನ್ನು ಓದುವುದಕ್ಕೇ ಒಂದು ಸಭೆ ಬೇಕಾದೀತು. ಆದರೆ ಇಂದಿನ ವಿಷಯಕ್ಕೆ ಅವರು ಪ್ರಸ್ತುತರಾಗುವುದು ಬೇರೊಂದು ಕಾರಣದಿಂದ. ನೆನಪು ಎಂಬ ವಸ್ತುವನ್ನೇ ಕುರಿತು ಅವರಷ್ಟು ದೀರ್ಘವಾಗಿ ಯೋಚಿಸಿದ ಕನ್ನಡ ಲೇಖಕರು ಕಡಿಮೆ. ತಮ್ಮ ನೆನಪುಗಳ ಸಂಪುಟಗಳಿಗೆ ಅವರು ಇಟ್ಟ ಹೆಸರೇ ‘ಸ್ಮೃತಿಪಟಲದಿಂದ’.

‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಪ್ರಕಟವಾಯಿತು. ಎಳೆಯ ಪ್ರಾಯದಲ್ಲಿಯೇ ವಿಧವೆಯಾಗಿ, ಮಾತನ್ನೇ ಕಡಿಮೆ ಮಾಡಿದ್ದರಿಂದ ಮೂಕಿಯೆಂದೇ ಕರೆಯಿಸಿಕೊಂಡ ಮುದುಕಿ ಅದರ ಕೇಂದ್ರ. ಮೊಮ್ಮಗ ತಂದುಕೊಟ್ಟ ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಸಾಕು, ಅದನ್ನು ಬಳಸಿದವರ ಕಾಲವೂ ಸುಖದುಃಖಗಳೂ ಅವಳ ಕಣ್ಣಮುಂದೆ ಬಂದು ನಿಲ್ಲುತ್ತವೆ. ಇದು ಕಾದಂಬರಿಕಾರರ ಕಲ್ಪನೆಯೆಂಬುದು ನಿಜ. ಆದರೆ ಆ ಕಲ್ಪನೆಯೊಳಗೆ ಒಂದು ಸತ್ಯವಿದೆ. ವಸ್ತುವು ತಾನಾಗಿ ಏನನ್ನೂ ಹೇಳುವುದಿಲ್ಲ. ಕೇಳುವ ಕೈಗಾಗಿ ಕಾದಿರುತ್ತದೆ. ಅದೇ ಮೂಳೆ, ಅದೇ ಕಲ್ಲು ಇನ್ನೊಬ್ಬರ ಕೈಯಲ್ಲಿದ್ದರೆ ಕೇವಲ ಮೂಳೆ, ಕೇವಲ ಕಲ್ಲು.

1941ರ ‘ಮರಳಿ ಮಣ್ಣಿಗೆ’ ಈ ಸೀಮೆಯದೇ ಕಥೆ. ಕೋಟದ ಬಳಿಯ ಕೋಡಿಯ ಕಡಲತೀರದ ಒಂದು ಮನೆಯ ಮೂರು ತಲೆಮಾರುಗಳ ಕಥೆ. ಅದರಲ್ಲಿ ಗಂಡಸರು ಪೌರೋಹಿತ್ಯ ಮಾಡುತ್ತಾರೆ, ಇಂಗ್ಲಿಷ್ ಕಲಿಯಲು ಹೋಗುತ್ತಾರೆ, ಮನೆಯ ಆಸ್ತಿಯನ್ನು ಹಾಳುಮಾಡುವವರೂ ಇದ್ದಾರೆ. ಪುಸ್ತಕ ಮುಚ್ಚಿಟ್ಟು ವರ್ಷಗಳು ಕಳೆದ ಮೇಲೆ ಓದುಗರ ಮನಸ್ಸಿನಲ್ಲಿ ಎದ್ದು ಕಾಣುವವರಾದರೋ ಪಾರೋತಿ, ಸರಸೋತಿ, ನಾಗವೇಣಿ ಎಂಬ ಮೂವರು ಹೆಂಗಸರು. ಉಪ್ಪುಗಾಳಿಯಲ್ಲಿ ಗದ್ದೆಗೆ ಗೊಬ್ಬರ ಹೊತ್ತವರು, ಮನೆ ಮುರಿಯದಂತೆ ಹಿಡಿದವರು ಅವರು. ಅವರ ಹೆಸರನ್ನು ಯಾವ ಪತ್ರದಲ್ಲಿಯೂ ಯಾರೂ ಬರೆಯಲಿಲ್ಲ, ಬರೆದವರು ಕಾರಂತರೊಬ್ಬರೇ. ಕೋಡಿಯನ್ನು ಒಮ್ಮೆಯೂ ಕಾಣದ ಬೀದರಿನ, ಬಳ್ಳಾರಿಯ ಓದುಗರಿಗೂ ಸರಸೋತಿಯು ತಮ್ಮ ಮನೆಯ ಅತ್ತೆಯೋ ಅಜ್ಜಿಯೋ ಆಗಿಬಿಟ್ಟಿದ್ದಾಳೆ.

ಆದರೆ ವ್ಯಾಪಾರ ವ್ಯವಹಾರದ ಜನರು ವಿಶೇಷವಾಗಿ ಓದಬೇಕಾದುದು 1960ರ ‘ಅಳಿದ ಮೇಲೆ’. ಅದರ ಹೆಸರೇ ಇಂದಿನ ಪ್ರಶ್ನೆಯಾಗಿದೆ. ಮುಂಬಯಿಯಲ್ಲಿ ಒಂಟಿಯಾಗಿ ತೀರಿಕೊಂಡ ಯಶವಂತರಾಯರೆಂಬವರು ಒಂದಿಷ್ಟು ಹಣವನ್ನೂ ಕೆಲವು ಬರಹಗಳನ್ನೂ ಪರಿಚಿತ ಲೇಖಕರೊಬ್ಬರ ವಶಕ್ಕೆ ಬಿಟ್ಟುಹೋಗುತ್ತಾರೆ. ರಾಯರು ತಿಂಗಳು ತಿಂಗಳೂ ಕೆಲವರಿಗೆ ಹಣ ಕಳುಹಿಸುತ್ತಿದ್ದರು. ಆ ವಿಳಾಸಗಳ ಜಾಡು ಹಿಡಿದು ಲೇಖಕರು ಊರೂರು ಸುತ್ತಿ, ಸತ್ತವನು ಯಾರು, ಎಂಥವನು ಎಂದು ಕೇಳುತ್ತಾ ಹೋಗುತ್ತಾರೆ. ಸಿಕ್ಕಿದ ಉತ್ತರಗಳು ಒಂದರಂತೆ ಒಂದಿಲ್ಲ. ಒಬ್ಬರ ನೆನಪಿನಲ್ಲಿ ಆತ ಉಪಕಾರಿ, ಮತ್ತೊಬ್ಬರ ನೆನಪಿನಲ್ಲಿ ಬೇರೆಯೇ ಮನುಷ್ಯ. ಹತ್ತಿರದವರು ಹೇಳುವುದು ಒಂದು, ದೂರದವರು ಹೇಳುವುದು ಇನ್ನೊಂದು. ಜಗತ್ತಿನಿಂದ ಪಡೆದುದೆಷ್ಟು, ಮರಳಿ ಕೊಟ್ಟುದೆಷ್ಟು ಎಂಬ ಲೆಕ್ಕವು ಆ ಪುಸ್ತಕದ ಉದ್ದಕ್ಕೂ ಓಡುತ್ತದೆ. ಕಾದಂಬರಿಯಾದ್ದರಿಂದ ಮನೋರಂಜನೆಗಾಗಿ ಓದಬಹುದು. ಆದರೆ ವರ್ಷಾಂತ್ಯದ ಆಢಾವೆ ಪತ್ರಿಕೆಯನ್ನು ಬರೆದು ಅಭ್ಯಾಸವುಳ್ಳವರು ಅದನ್ನು ಓದಿ ಸುಮ್ಮನೆ ಮಲಗಲಾರರು. ಮನುಷ್ಯನು ತನ್ನನ್ನು ಕುರಿತ ನೆನಪನ್ನು ತಾನೇ ಬರೆದಿಟ್ಟುಹೋಗಲು ಸಾಧ್ಯವಿಲ್ಲ. ಅದನ್ನು ಬರೆಯುವವರು ಅವನಿಂದ ಏನನ್ನಾದರೂ ಪಡೆದವರು ಅಥವಾ ಪಡೆಯದೆ ಹೋದವರು.

ಸಾಲಿಗ್ರಾಮದ ಈ ಮಾತು ಸಾಹಿತ್ಯದ್ದಾಯಿತು. ಇದೇ ಸೀಮೆಯ ಇತಿಹಾಸವನ್ನು ನೋಡಿದರೂ ಸಂಗತಿ ಹೀಗೆಯೇ ಇದೆ. ಸಮೀಪದ ವಡ್ಡರ್ಸೆಯಲ್ಲಿ 7ನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ಆಳುಪರ ಶಾಸನವಿದೆ. ಅಲ್ಲಿಂದ ಸ್ವಲ್ಪ ದೂರದ ಬಾರ್ಕೂರು ಆಳುಪರ ರಾಜಧಾನಿ. ಅನಂತರ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರ. ಕರಾವಳಿಯನ್ನು ಆಳುಪರು ಏಳೆಂಟು ಶತಮಾನಗಳಷ್ಟು ಕಾಲ ಆಳಿದರು. ಚಿತ್ರವಾಹನ, ಕವಿ ಆಳುಪೇಂದ್ರ, ಸೋಯಿದೇವ ಮುಂತಾದ ಅರಸರ ಹೆಸರುಗಳು ಕಲ್ಲಿನ ಮೇಲೆ ಸ್ಪಷ್ಟವಾಗಿವೆ. ಇಷ್ಟಾದರೂ ಇಂದು ಬಾರ್ಕೂರಿನ ಪೇಟೆಯಲ್ಲಿ ನಿಂತು ಕೇಳಿದರೆ, ಈ ಹೆಸರುಗಳನ್ನು ಹೇಳುವವರು ಇತಿಹಾಸದ ಅಧ್ಯಾಪಕರು ಮಾತ್ರ.

ಜನರು ಹೇಳುವ ಹೆಸರು ಬೇರೆ, ಅದು ಭೂತಾಳಪಾಂಡ್ಯ. ಐತಿಹ್ಯದ ಒಂದು ಪಾಠದಂತೆ, ದೇವಪಾಂಡ್ಯನೆಂಬವನು ಹಡಗುಗಳನ್ನು ಕಟ್ಟಿಸಿ ಸರಕು ತುಂಬಿ ಸಮುದ್ರಕ್ಕೆ ಇಳಿಸಲು ಹೊರಟಾಗ ಕುಂಡೋದರನೆಂಬ ಭೂತವು ನರಬಲಿಯನ್ನು ಬೇಡಿತು. ರಾಜನ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ. ತಂಗಿಯಾದ ಸತ್ಯವತಿಯು ತನ್ನ ಮಗ ಜಯಪಾಂಡ್ಯನನ್ನು ಕೊಡಲು ಮುಂದಾದಳು. ಭೂತವು ಮೆಚ್ಚಿ ಹುಡುಗನನ್ನು ಉಳಿಸಿತು. ಅವನೇ ಭೂತಾಳಪಾಂಡ್ಯನಾಗಿ, ಆಸ್ತಿಯು ಮಗನಿಗಲ್ಲ, ಸೋದರಳಿಯನಿಗೆ ಸಲ್ಲತಕ್ಕದ್ದೆಂಬ ಅಳಿಯಸಂತಾನದ ಕಟ್ಟನ್ನು ವಿಧಿಸಿದನು. ಈ ಕಥೆಗೆ ಶಾಸನದ ಆಧಾರ ಕಾಣುವುದಿಲ್ಲವೆಂದು ಇತಿಹಾಸಜ್ಞರು ಹೇಳುತ್ತಾರೆ. ಆಧಾರವಿರುವ ಅರಸರು ಮರೆತುಹೋಗಿ, ಆಧಾರವಿಲ್ಲದ ಅರಸನು ಮನೆಮನೆಯಲ್ಲಿ ಉಳಿದುದು ಹೇಗೆ? ಕಾರಣವು ಕಷ್ಟದ್ದಲ್ಲ. ಆಳುಪೇಂದ್ರರ ಶಾಸನವನ್ನು ಓದದೆ ಇದ್ದರೆ ಯಾರಿಗೂ ನಷ್ಟವಿರಲಿಲ್ಲ. ಭೂತಾಳಪಾಂಡ್ಯನ ಕಟ್ಟಾದರೋ ಬಂಟರ ಮನೆಗಳಲ್ಲಿಯೂ ತುಳುನಾಡಿನ ಜೈನರ ಮನೆಗಳಲ್ಲಿಯೂ ಪ್ರತಿಯೊಂದು ಪಾಲುಪಟ್ಟಿಯ ದಿನ ಎದ್ದು ಬರುತ್ತಿತ್ತು. ನನ್ನ ಮಗನಿಗೇಕೆ ಇಲ್ಲ ಎಂದು ಒಬ್ಬ ತಂದೆ ಕೇಳಿದಾಗಲೆಲ್ಲ ಹಿರಿಯರು ಸತ್ಯವತಿಯ ಕಥೆಯನ್ನು ಹೇಳಬೇಕಾಗುತ್ತಿತ್ತು. 1949ರಲ್ಲಿ ಮದರಾಸಿನ ಅಳಿಯಸಂತಾನ ಕಾಯಿದೆ ಬಂದು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಬಂದ ಮೇಲೆ ಆ ಕಟ್ಟಿನ ಬಲ ಕುಗ್ಗಿತು. ಈಗಿನ ಮಕ್ಕಳಿಗೆ ಸತ್ಯವತಿಯ ಹೆಸರು ಗೊತ್ತಿಲ್ಲದಿರುವುದಕ್ಕೂ ಇದಕ್ಕೂ ಸಂಬಂಧವಿರಬೇಕು. ಬಳಕೆ ತಪ್ಪಿದೊಡನೆ ನೆನಪೂ ಸಡಿಲವಾಗುತ್ತದೆ.

ಬಾರ್ಕೂರಿನಲ್ಲಿಯೇ ಇರುವ ಕತ್ತಲೆ ಬಸದಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಅಲ್ಲಿಗೆ ಪ್ರವಾಸಿಗಳು ಬರುತ್ತಾರೆ, ಕಂಬಗಳ ಚಿತ್ರ ತೆಗೆದುಕೊಳ್ಳುತ್ತಾರೆ. ಕಲ್ಲು ಗಟ್ಟಿಯಾಗಿಯೇ ಇದೆ. ಇಲ್ಲದಿರುವುದು ನಿತ್ಯದ ಅಭಿಷೇಕ, ಸಂಜೆಯ ದೀಪ, ಶ್ರಾವಕರ ಮನೆಗಳು. ಕಟ್ಟಿಸಿದವರು ಅದನ್ನು ಆಚಂದ್ರಾರ್ಕವಾಗಿ ನಿಲ್ಲಲೆಂದೇ ಕಟ್ಟಿಸಿದ್ದರು. ಕಲ್ಲಿನ ಮಟ್ಟಿಗೆ ಅವರ ಆಸೆ ಬಹುಪಾಲು ಈಡೇರಿದೆ.

ಜೈನ ಸಮಾಜಕ್ಕೆ ಈ ವಿಷಯವನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುವ ಸ್ಥಳ ಶ್ರವಣಬೆಳಗೊಳ. ಅಲ್ಲಿ ಗೊಮ್ಮಟಮೂರ್ತಿಯ ಪಾದದ ಬದಿಯಲ್ಲಿ, ಇದನ್ನು ಚಾವುಂಡರಾಯನು ಮಾಡಿಸಿದನೆಂಬ ಶಾಸನವು ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿದೆ. ಅಷ್ಟು ದೊಡ್ಡ ಕಾರ್ಯ ಮಾಡಿಸಿದವನ ಹೆಸರು ಉಳಿದುದು ನ್ಯಾಯವೇ ಆಗಿದೆ. ಆದರೆ ಮೂರ್ತಿಯ ಎದುರಿನಲ್ಲಿಯೇ ಕೈಯಲ್ಲಿ ಪುಟ್ಟ ಪಾತ್ರೆಯನ್ನು ಹಿಡಿದು ನಿಂತ ಗುಳ್ಳಕಾಯಜ್ಜಿಯ ಶಿಲ್ಪವಿದೆ. ಕಥೆಯನ್ನು ಎಲ್ಲರೂ ಬಲ್ಲರು. ಚಾವುಂಡರಾಯನು ಕೊಡಗಟ್ಟಲೆ ಸುರಿಸಿದ ಹಾಲು ಮೂರ್ತಿಯ ಕೆಳಭಾಗವನ್ನು ತಲುಪಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ತಂದ ಹಾಲು ಅಡಿಯವರೆಗೂ ಇಳಿಯಿತು. ಇದು ಐತಿಹ್ಯವೇ ಸರಿ, ಚರಿತ್ರೆಯಲ್ಲ. ಆದರೂ ಎರಡು ಅಂಶಗಳು ಇಲ್ಲಿ ವಿಚಾರಾರ್ಹವಾಗಿವೆ. ಆ ಅಜ್ಜಿಗೆ ಹೆಸರಿಲ್ಲ. ತಂದ ಪಾತ್ರೆಯೇ ಅವಳ ಹೆಸರಾಯಿತು. ಎರಡನೆಯದಾಗಿ, ದಾನಿಯ ಗರ್ವವನ್ನು ತೋರಿಸುವ ಈ ಕಥೆಯನ್ನು ಅಳಿಸಿಹಾಕದೆ, ಅದೇ ಕ್ಷೇತ್ರದಲ್ಲಿ, ಅದೇ ಮೂರ್ತಿಯ ಎದುರಿನಲ್ಲಿ ಅವಳನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ ಪೂರ್ವಿಕರ ಧೈರ್ಯ. ತಮ್ಮ ಮೇಲಿನ ಟೀಕೆಯನ್ನು ತಾವೇ ಪ್ರತಿಷ್ಠೆ ಮಾಡಿದ ಸಮಾಜಗಳು ಹೆಚ್ಚಿಲ್ಲ. 2018ರ ಮಹಾಮಸ್ತಕಾಭಿಷೇಕಕ್ಕೆ ಹೋಗಿ ಬಂದ ಮಕ್ಕಳು ಮೂರ್ತಿಯ ಎತ್ತರವನ್ನು ಮರೆತಾರು, ಅಜ್ಜಿಯನ್ನು ಮರೆಯಲಾರರು. ಅಷ್ಟು ಹಾಲು ಸಾಲದೆ ಹೋಗಿ ಇಷ್ಟು ಹಾಲು ಸಾಕಾದುದು ಹೇಗೆ ಎಂಬ ಈಹೆ ಅವರ ಮನಸ್ಸಿನಲ್ಲಿ ಹುಟ್ಟಿರುತ್ತದೆ.

ಹೀಗೆಂದ ಮಾತ್ರಕ್ಕೆ ಸಂಪತ್ತುಳ್ಳವರು ಸ್ಮರಣೀಯರಾಗಲಾರರೆಂದು ತಿಳಿಯಬಾರದು. ದಾನಚಿಂತಾಮಣಿ ಅತ್ತಿಮಬ್ಬೆಯು ಬಡವಳಲ್ಲ, ಸೇನಾಪತಿಗಳ ಮನೆತನದವಳು. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿಯ ಶಾಸನ 1007ರದು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳೆಂಬುದು ಅವಳ ಕೀರ್ತಿಯ ಮುಖ್ಯ ಕಾರಣ. ಆ ಗ್ರಂಥ ಅವಳನ್ನು ಕುರಿತದ್ದಲ್ಲ. ಅವಳ ತಂದೆ ಮತ್ತು ಚಿಕ್ಕಪ್ಪ ಗುರುಗಳಾದ ಜಿನಚಂದ್ರದೇವರ ನೆನಪಿಗಾಗಿ ಬರೆಯಿಸಿದ್ದು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಗರಿಯನ್ನೂ ಕಂಠದಿಂದ ಕೊರೆದು 1000 ಪ್ರತಿ ಮಾಡಿಸಲು ಎಷ್ಟು ಲಿಪಿಕಾರರು, ಎಷ್ಟು ತಿಂಗಳ ಊಟ, ಎಷ್ಟು ಓಲೆಯ ಹೊರೆ ಬೇಕಾಯಿತೆಂದು ವ್ಯವಹಾರಸ್ಥರು ಲೆಕ್ಕಹಾಕಬಹುದು. ಇನ್ನೊಬ್ಬರ ಮಾತು ಅಳಿಯದಿರಲೆಂದು ವೆಚ್ಚಮಾಡಿದವಳನ್ನು ಕನ್ನಡಿಗರು 1000 ವರ್ಷಗಳಿಂದ ಮರೆತಿಲ್ಲ.

ಓಲೆಯ ಮಾತು ಬಂದುದರಿಂದ ಮೂಡಬಿದಿರೆಯ ಧವಲ ಗ್ರಂಥಗಳನ್ನು ಹೇಳಲೇಬೇಕು. ಧರಸೇನಾಚಾರ್ಯರು ತಮ್ಮಲ್ಲಿ ಉಳಿದಿದ್ದ ಶ್ರುತವು ತಮ್ಮೊಂದಿಗೇ ಕೊನೆಗೊಂಡೀತೆಂದು ಚಿಂತಿಸಿ ಪುಷ್ಪದಂತ ಭೂತಬಲಿಗಳಿಗೆ ಅದನ್ನು ಬೋಧಿಸಿದ್ದು, ಆ ಇಬ್ಬರು ಮುನಿಗಳು ಅದನ್ನು ಷಟ್ಖಂಡಾಗಮವಾಗಿ ಗ್ರಂಥಸ್ಥಗೊಳಿಸಿದ್ದು, ಆ ದಿನವೇ ಶ್ರುತಪಂಚಮಿಯಾದದ್ದು ಸರ್ವರಿಗೂ ವಿದಿತವೇ ಆಗಿದೆ. ಕಂಠದಿಂದ ಕಂಠಕ್ಕೆ ಬಂದ ಜ್ಞಾನವು ಪೀಳಿಗೆಯಿಂದ ಪೀಳಿಗೆಗೆ ಕ್ಷೀಣಿಸುತ್ತಾ ಬಂದಿತೆಂದು ಒಪ್ಪಿಕೊಂಡ ಪರಂಪರೆ ಇದು. ಮರೆವನ್ನು ಮುಚ್ಚಿಡದೆ, ಮರೆವಿಗೆ ಔಷಧವನ್ನು ಹುಡುಕಿ, ಆ ಔಷಧ ಸಿಕ್ಕಿದ ದಿನವನ್ನು ಹಬ್ಬವಾಗಿ ಆಚರಿಸುವುದು ಬೇರೆಲ್ಲಿಯೂ ಅಷ್ಟಾಗಿ ಕಾಣದು. ಆ ಗ್ರಂಥಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಓಲೆಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಯಾತ್ರಾರ್ಥಿಗಳು ದೂರದಿಂದ ಬಂದು ದರ್ಶನ ಪಡೆದು ಕೈಮುಗಿದು ಹೋಗುತ್ತಿದ್ದರು. ಓದುವವರು ಇರಲಿಲ್ಲವೆನ್ನುವಷ್ಟು ಕಡಿಮೆ. ಪ್ರತಿಮಾಡುವ ಕಾರ್ಯವು 19ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ, ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದುದು 1939ರಲ್ಲಿ. ಓಲೆಗಳನ್ನು ಕಾಪಾಡಿದ ಮೂಡಬಿದಿರೆಯವರ ನಿಷ್ಠೆ ಸಾಮಾನ್ಯದ್ದಲ್ಲ. ಅವರು ಬಿಡದೆ ಕಾದುದರಿಂದಲೇ ಅಚ್ಚಿಗೆ ಏನಾದರೂ ದೊರೆಯಿತು. ಆದರೂ ಪೂಜಿಸಲ್ಪಡುವುದು ಬೇರೆ, ನೆನಪಿನಲ್ಲಿರುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಈಗ ದಾನಶಾಸನಗಳ ವಿಷಯ. ಹಿಂದಿನವರು ಕಲ್ಲಿನ ಮೇಲೆ ಹೆಸರು ಕೊರೆಯಿಸಿಕೊಂಡರಲ್ಲವೆ, ಇಂದಿನವರು ಅಮೃತಶಿಲೆಯ ಹಲಗೆಯ ಮೇಲೆ ಕೊರೆಯಿಸಿಕೊಂಡರೆ ತಪ್ಪೇನು ಎಂಬ ಪ್ರಶ್ನೆ ಸಹಜವಾದುದು. ತಪ್ಪೇನೂ ಇಲ್ಲ. ಆದರೆ ಹಳೆಯ ಶಾಸನಗಳನ್ನು ಪೂರ್ತಿಯಾಗಿ ಓದಬೇಕು. ಶ್ರವಣಬೆಳಗೊಳವೊಂದರಲ್ಲಿಯೇ 500ಕ್ಕೂ ಹೆಚ್ಚು ಶಾಸನಗಳಿವೆ. ಲೂಯಿ ರೈಸರು ಅಲ್ಲಿಯ ಶಾಸನಗಳ ಮೊದಲ ಸಂಗ್ರಹವನ್ನು 1889ರಲ್ಲಿ ಪ್ರಕಟಿಸುವವರೆಗೆ ಅವುಗಳಲ್ಲಿ ಬಹುಪಾಲು ಊರಿನವರೂ ಓದಲಾರದ ಕಲ್ಲುಗಳಾಗಿದ್ದವು. ಅವುಗಳಲ್ಲಿ ನಿಷಿಧಿಗಳು ಒಂದು ಬಗೆ. ಅವುಗಳಲ್ಲಿ ಕೆಲವು ಸಲ್ಲೇಖನದಿಂದ ದೇಹವಿಟ್ಟವರ ಹೆಸರನ್ನು ಹೇಳಿ ಸುಮ್ಮನಾಗುತ್ತವೆ. ದಾನಶಾಸನಗಳಾದರೋ ದಾನಿಯ ಹೆಸರಿನ ಬಳಿಕ ಮುಖ್ಯ ವಿಷಯಕ್ಕೆ ಬರುತ್ತವೆ: ಯಾವ ಗದ್ದೆ, ಅದರ ಎಲ್ಲೆಗಳೇನು, ಅದರಿಂದ ಬರುವುದು ಎಷ್ಟು, ಅದರಲ್ಲಿ ನೈವೇದ್ಯಕ್ಕೆಷ್ಟು, ನಂದಾದೀಪದ ಎಣ್ಣೆಗೆಷ್ಟು, ಆಹಾರದಾನಕ್ಕೆಷ್ಟು. ಕರಾವಳಿಯ ಶಾಸನಗಳಲ್ಲಿ ಇದು ಮುಡಿ, ಹಾನೆಗಳ ಅಳತೆಯಲ್ಲಿ ಖಚಿತವಾಗಿದೆ. ಕೊನೆಯಲ್ಲಿ ಈ ಧರ್ಮವನ್ನು ಕೆಡಿಸಿದವರಿಗೆ ಶಾಪವಿದೆ. ಆ ಶಾಪವನ್ನು ಓದುವಾಗ ಹಿಂದಿನ ದಾನಿಗೂ ಒಳಗೊಳಗೆ ಭಯವಿದ್ದಿತೆಂದು ತಿಳಿಯುತ್ತದೆ. ತನ್ನ ಹೆಸರು ಅಳಿಸಿಹೋದೀತೆಂಬ ಭಯಕ್ಕಿಂತ, ದೀಪ ಆರಿಹೋದೀತೆಂಬ ಭಯ ಅವನಿಗೆ ಹೆಚ್ಚಾಗಿತ್ತೆಂದೇ ತೋರುತ್ತದೆ. ಹೆಸರಿಗೆ ಒಂದು ಸಾಲು, ದೀಪದ ವ್ಯವಸ್ಥೆಗೆ ಹತ್ತು ಸಾಲು. ಈಗಿನ ಹಲಗೆಗಳಲ್ಲಿ ಹೆಸರುಗಳೂ ರೂಪಾಯಿಗಳೂ ಮಾತ್ರ ಇರುತ್ತವೆ.

ಆ ಹಳೆಯ ವ್ಯವಸ್ಥೆ ಈಗ ಇಲ್ಲವೆಂಬುದೂ ನಿಜ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಮೇಲೆ ಬಸದಿಗಳ ಗೇಣಿ ಗದ್ದೆಗಳು ಉಳುವವರ ಪಾಲಾದವು. ಬೆವರು ಸುರಿಸಿದವನಿಗೆ ಭೂಮಿ ಸಂದುದು ನ್ಯಾಯವೇ. ಅದನ್ನು ಈ ಸಭೆಯಲ್ಲಿ ಹಳಿಯಬೇಕಾಗಿಲ್ಲ. ಆದರೆ ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ನಿತ್ಯಪೂಜೆಯ ಭಾರವನ್ನು ಅನಂತರ ಯಾರು ಹೊರಬೇಕೆಂಬುದು ಅನೇಕ ಕಡೆ ತೀರ್ಮಾನವಾಗಲೇ ಇಲ್ಲ. ಜೊತೆಗೆ ಮಕ್ಕಳು ಓದಿ ಮುಂಬಯಿ, ಬೆಂಗಳೂರುಗಳಿಗೂ ಹೊರದೇಶಗಳಿಗೂ ಹೋದರು. ಉಡುಪಿಯ ಉತ್ತರಕ್ಕೆ ಬಂದಷ್ಟೂ ಶ್ರಾವಕರ ಮನೆಗಳು ವಿರಳ. ಎರಡು ಮೂರು ಬಸದಿಗಳ ಪೂಜೆಯನ್ನು ಒಬ್ಬರೇ ಇಂದ್ರರು ದ್ವಿಚಕ್ರವಾಹನದಲ್ಲಿ ಓಡಾಡಿ ಪೂರೈಸುವ ಪರಿಸ್ಥಿತಿಯನ್ನು ಎಲ್ಲರೂ ಕಂಡಿದ್ದಾರೆ. ಜೀರ್ಣೋದ್ಧಾರಕ್ಕೆ ಹಣ ಕೂಡಿಸುವುದು ಈ ಕಾಲದಲ್ಲಿ ಅಷ್ಟು ಕಷ್ಟವಲ್ಲ; ದೂರದಲ್ಲಿರುವವರು ಉದಾರವಾಗಿಯೇ ಕೊಡುತ್ತಾರೆ. ತಾಮ್ರದ ಹೊದಿಕೆ, ಗ್ರಾನೈಟಿನ ನೆಲ, ವಿದ್ಯುದ್ದೀಪ ಎಲ್ಲವೂ ಒಂದೆರಡು ವರ್ಷಗಳಲ್ಲಿ ಸಿದ್ಧವಾಗುತ್ತವೆ. ಕಷ್ಟವಿರುವುದು ಪ್ರತಿಷ್ಠೆಯ ಪೆಂಡಾಲನ್ನು ಬಿಚ್ಚಿದ ಮರುದಿನದಿಂದ.

ಈ ಬಸದಿಯ ಮೊಕ್ತೇಸರರು ಈ ಸಂಬಂಧವಾಗಿ ಎರಡು ವ್ಯವಸ್ಥೆಗಳನ್ನು ಯೋಚಿಸಿರುವುದು ಸಂತೋಷದ ವಿಷಯ. ಮೊದಲನೆಯದು, ಶ್ರುತಪಂಚಮಿಯ ದಿನ ಗ್ರಂಥಗಳಿಗೆ ಪೂಜೆ ಸಲ್ಲಿಸಿ ಮುಗಿಸದೆ, ಹತ್ತು ವರ್ಷ ಮೇಲ್ಪಟ್ಟ ಮಕ್ಕಳಿಂದ ಒಂದೊಂದು ಪುಟವನ್ನಾದರೂ ಗಟ್ಟಿಯಾಗಿ ಓದಿಸುವುದು. ಓದಿದ್ದರಲ್ಲಿ ತಿಳಿಯದ ಒಂದು ಮಾತನ್ನು ಆ ಮಗುವೇ ಹಿರಿಯರಲ್ಲಿ ಕೇಳಬೇಕು. ಅದೇ ದಿನ ಹಿರಿಯರು ಈ ಬಸದಿಯ ಕುರಿತು ತಮಗೆ ತಿಳಿದುದನ್ನು ಹೇಳಬೇಕು, ಒಬ್ಬರು ಅದನ್ನು ಬರೆದಿಡಬೇಕು. ಹಿಂದೆ ಯಾವ ಮನೆಯವರು ಹೂವು ತರುತ್ತಿದ್ದರು, ಯಾವ ಅಮ್ಮನವರು ಅಕ್ಕಿ ಆರಿಸಿ ಕೊಡುತ್ತಿದ್ದರು, ಪೂಜೆ ನಿಂತ ದಿನಗಳಲ್ಲಿ ಬೀಗದ ಕೈ ಯಾರ ಮನೆಯಲ್ಲಿತ್ತು ಎಂಬುದು ಯಾವ ಶಾಸನದಲ್ಲಿಯೂ ದೊರೆಯುವುದಿಲ್ಲ. ಹೇಳಬಲ್ಲವರು ಈಗ ನಾಲ್ಕೈದು ಮಂದಿ ಮಾತ್ರ ಇದ್ದಾರೆ, ಅವರೆಲ್ಲರೂ 80 ದಾಟಿದವರು.

ಎರಡನೆಯದು ನಂದಾದೀಪದ ಸರದಿ. ವರ್ಷದ 12 ತಿಂಗಳಿಗೆ 12 ಮನೆಗಳವರು ಎಣ್ಣೆಯನ್ನು ಕೊಡುವುದಲ್ಲದೆ, ಆ ತಿಂಗಳಲ್ಲಿ ಮನೆಯ ಒಬ್ಬರಾದರೂ ಪ್ರತಿ ಸಂಜೆ ಬಂದು ದೀಪದ ಬತ್ತಿಯನ್ನು ನೋಡಿಹೋಗಬೇಕೆಂದು ನಿಶ್ಚಯವಾಗಿದೆ. ಹಣ ಕೊಟ್ಟು ಸರದಿಯಿಂದ ಬಿಡಿಸಿಕೊಳ್ಳಲು ಅವಕಾಶವಿಟ್ಟಿಲ್ಲ. ಕಾರ್ತಿಕಕ್ಕೆ ಮೂರು ಮನೆಯವರು ಸ್ಪರ್ಧೆಯಿಂದ ಹೆಸರು ಕೊಟ್ಟಿದ್ದಾರೆ. ಚೈತ್ರ, ವೈಶಾಖ, ಮಾಘಗಳಿಗೂ ಹೆಸರು ಬಂದಿದೆ. ಹೊಳೆ ತುಂಬಿ ದಾರಿ ಕೆಡುವ ಆಷಾಢ, ಶ್ರಾವಣಗಳಿಗೆ ಇದುವರೆಗೆ ಯಾರೂ ಬರೆದುಕೊಟ್ಟಿಲ್ಲ. ಪಟ್ಟಿಯು ಪೂರ್ವದ ಬಾಗಿಲಿನ ಬಳಿಯ ಮೇಜಿನ ಮೇಲಿದೆ. ಮಂಗಳಾರತಿಯ ಅನಂತರ ಇಂದ್ರರು ಅಲ್ಲಿಯೇ ಕುಳಿತಿರುತ್ತಾರೆ.